ಅವ್ವನ ಅಳತೆಯ ಬಳೆ

ಮಸರಕಲ್ಲಿನ ನಮ್ಮ ಓಣಿಯಲ್ಲಿ ಇವತ್ತು ಓಡಾಡುವ ಮಕ್ಕಳಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ನಮ್ಮ ಅವ್ವನ ಕಾಲ ಮೇಲೆ ಮಲಗಿದ್ದವರು. ಅವ್ವ ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಜೋಡಿಸಿ ಚಾಚಿದರೆ ಎಂಥ ಅಳುಬುರುಕ ಕೂಸೂ ಅಲ್ಲಿ ಸುಮ್ಮನಾಗುತ್ತಿತ್ತು. ಶೇಖಮ್ಮ ಎರೆದರೆ ಕೂಸು ಸಂಜೆಯ ತನಕ ಮಲಗುತ್ತದೆ ಎಂದು ಬಾಣಂತಿಯರ ಮನೆಯವರು ಕರೆಯಲು ಬರುತ್ತಿದ್ದರು. ನಾನು ಬಿಸಿನೀರಿನ ಚೊಂಬು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನಾನು ಅವ್ವ ಹೋದಲ್ಲಿ ಹೋಗುವವಳು, ಹೊಲಕ್ಕೂ, ಬಚ್ಚಲಿಗೂ. ನನ್ನ ಹೆಸರು ಮೌನೇಶ್ವರಿ. ಬಾಯಿಲ್ಲದ ಹುಡುಗಿ ಎಂದು ಅಕ್ಕ ಸುಮಂಗಲಾ ಅಣಕಿಸುತ್ತಿದ್ದಳು. ಮಾತು ಬಾರದೆ ಅಲ್ಲ. ಮಾತು ನಾಲಿಗೆಗೆ ಬರುವಷ್ಟರಲ್ಲಿ ಬೇರೆಯವರು ಆಡಿ ಮುಗಿಸಿರುತ್ತಾರೆ, ಅಷ್ಟೇ.

ಹೋದ ವರ್ಷ ಅವ್ವ ಕೂಸುಗಳಿಗೆ ಎರೆಯಲು ಹೋಗುವುದನ್ನು ಬಿಟ್ಟಳು. ಕೇಳಿದವರಿಗೆ "ಸೊಂಟ ಹಿಡದದವ್ವಾ" ಎನ್ನುತ್ತಿದ್ದಳು. ಸೊಂಟವಲ್ಲ ಎಂದು ನನಗೆ ಗೊತ್ತಾಗಿತ್ತು. ನಾವು ಕೂಲಿಯವರೆಲ್ಲ ಸೇರಿ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಘಾಟಿಗೆ ಎಲ್ಲರಿಗೂ ಸೀನು ಬರುತ್ತದೆ. ಅವ್ವ ಮಾತ್ರ ಸೀನು ಬರುವ ಮುಂಚೆಯೇ ಕೈಯಲ್ಲಿದ್ದ ಕಾಯಿ ಬಿಟ್ಟು, ಕಿಬ್ಬೊಟ್ಟೆಯ ಕೆಳಗೆ ಕೈ ಒತ್ತಿಕೊಳ್ಳುತ್ತಿದ್ದಳು. ಕೂತಲ್ಲಿಂದ ಏಳುವಾಗಲೂ ಅದೇ ಕೈ. ಹಳೆಯ ಸೀರೆಯ ತುಂಡುಗಳನ್ನು ಬೇರೆಯಾಗಿ ಒಗೆದು, ಮಾಳಿಗೆಯ ಮೂಲೆಯಲ್ಲಿ ಬೇರೆ ಬಟ್ಟೆಯ ಕೆಳಗೆ ಒಣಹಾಕುತ್ತಿದ್ದಳು.

ಒಂದು ದಿನ ಆ ತುಂಡುಗಳನ್ನು ನಾನೇ ಒಗೆದು, ಬಿಸಿಲಿಗೆ ಹಾಕಿ, ಮಡಚಿ ಅವಳ ಟ್ರಂಕಿನ ಮೇಲೆ ಇಟ್ಟೆ. ಅವ್ವ ಅದನ್ನು ನೋಡಿದಳು. ನನ್ನನ್ನು ನೋಡಿದಳು. ಬಾಗಿಲು ಮುಂದೆ ಮಾಡಿ ಹತ್ತಿರ ಬಂದು ಕೂತಳು.

"ಗರ್ಭಚೀಲ ಕೆಳಗ ಇಳದದ ಮೌನೀ," ಎಂದಳು. "ನಿಂತು ಕೆಲಸ ಮಾಡಿದ್ರ ಒಂದು ಉಂಡಿ ಹಂಗ ಹೊರಗ ಬರ್ತದ. ಮಲಗಿದ್ರ ಒಳಗ ಹೋಗ್ತದ."

"ಯಾವಾಗಿಂದ?"

"ನೀ ಹುಟ್ಟಿದ ಮ್ಯಾಲ ಸಣ್ಣಗ ಸುರುವಾಗಿತ್ತು. ಈಗ ಜಾಸ್ತಿ ಆಗ್ಯಾದ." ನನ್ನ ಮುಖ ನೋಡಿ ಅವಳೇ ನಕ್ಕಳು. "ನಿನ್ನ ಮ್ಯಾಲ ಹಾಕಾಕತ್ತಿಲ್ಲ ಬಿಡು. ಹಡದ ಮರುವಾರನ ಹುಲ್ಲಿನ ಹೊರಿ ಹೊತ್ತಾಕಿ ನಾನು."

ಅಪ್ಪನಿಗೆ ಹೇಳೋಣ ಎಂದೆ. ಅಪ್ಪ ರಾಮಲಿಂಗಪ್ಪ ಒಳ್ಳೆಯ ಮನುಷ್ಯ. ಅವನಿಗೆ ಹೇಳಲು ನಾಚಿಕೆ ಎಂದಳು. ಆದರೂ ಹೇಳಿದ್ದಳು ಎಂದು ಕಾಣುತ್ತದೆ. ಎರಡು ದಿನದಲ್ಲಿ ಅಪ್ಪ ನನ್ನ ಕಡೆ ನೋಡದೆ, "ಅವ್ವನ್ನ ದೇವದುರ್ಗದ ದವಾಖಾನಿಗೆ ಕರಕೊಂಡು ಹೋಗು" ಎಂದ.

ದೇವದುರ್ಗದಲ್ಲಿ ನೋಡಿದ ಡಾಕ್ಟರು ಆಪರೇಷನ್ ಮಾತು ಎತ್ತಿದರು. ಅದಾದ ಮೇಲೆ ಮೂರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು. ಮೊದಲು ರಾಯಚೂರಿನಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿ, ಬೇರೆ ದಾರಿಯೂ ಇರಬಹುದು ಎಂದೂ ಹೇಳಿದರು. ಅವ್ವನ ಕಿವಿಯಲ್ಲಿ ಮೂರು ತಿಂಗಳು ಮಾತ್ರ ಉಳಿಯಿತು. ಆಗ ಮಾನ್ವಿಯಲ್ಲಿ ಗಂಡ ಅಂಬರೀಶನ ಮನೆಯಲ್ಲಿದ್ದ ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ, ಬಾಣಂತನ ನಮ್ಮ ಮನೆಯಲ್ಲಿ.

"ಊರ ಮಂದಿ ಕೂಸಿಗೆಲ್ಲ ಎರದೀನಿ," ಎಂದಳು ಅವ್ವ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು. "ಸುಮಿ ಕೂಸು ನನ್ನ ಕಾಲ ಮ್ಯಾಲ ಬರಾಕ ಬೇಕು. ನಾ ಹಾಸಿಗಿ ಹಿಡದ್ರ ಬೀಗ್ತಿ ಅಲ್ಲೇ ಇಟಗೊಂತಾಳ. ಆಪರೇಷನ್ ಆಮ್ಯಾಲ."

ರಾಯಚೂರಿನಲ್ಲಿ, ಸ್ಟೇಷನ್ ಕಡೆಯ ಒಂದು ಸಣ್ಣ ದವಾಖಾನೆಯ ಡಾಕ್ಟರ್ ವೇದಶ್ರೀ ಬೇರೆ ದಾರಿಯನ್ನು ತೋರಿಸಿದರು. ಅವರು ಅಕ್ಕನಿಗಿಂತ ಸ್ವಲ್ಪ ದೊಡ್ಡವರಿರಬಹುದು. ಸ್ಟೀಲಿನ ತಟ್ಟೆಯೊಂದನ್ನು ಮುಂದಿಟ್ಟರು. ಅದರಲ್ಲಿ ಬಿಳಿಯ ಮೆತ್ತನೆಯ ಉಂಗುರಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿದ್ದವು.

"ಇದಕ್ಕ ಪೆಸರಿ ಅಂತಾರ. ರಿಂಗ್ ಅಂದ್ರೂ ನಡೀತದ. ಒಳಗ ಕೂಡಿಸಿದ್ರ ಗರ್ಭಚೀಲನ್ನ ಎತ್ತಿ ಹಿಡೀತದ. ಅಳತಿ ಸರಿ ಇರಬೇಕು, ಅಷ್ಟ."

ಅವ್ವ ಒಂದನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದಳು. "ಯವ್ವಾ, ಬಳಿ ಇದ್ದಂಗ ಅದಲ್ರೀ!"

"ಬಳಿನ ಅನ್ಕೋರಿ," ಎಂದಳು ನರ್ಸ್ ಭಾಗ್ಯಜ್ಯೋತಿ. "ಬಳಗಾರ ಕೈ ಹಿಚುಕಿ ನೋಡ್ತಾನ. ಇಲ್ಲಿ ಮೇಡಂ ನೋಡ್ತಾರ. ಫರಕ್ ಏನಂದ್ರ, ಮಂದಿಗೆ ತೋರಿಸಾಕ ಬರಂಗಿಲ್ಲ."

ಅವ್ವ ಸೆರಗಿನಲ್ಲಿ ನಕ್ಕಳು. ಪರದೆಯ ಹಿಂದೆ ನಾನು ಅವಳ ತಲೆಯ ಹತ್ತಿರ ನಿಂತು ಓರೆಗಣ್ಣಿನಲ್ಲಿ ನೋಡಿದೆ. ಡಾಕ್ಟರ್ ಎರಡು ಬೆರಳು ಒಳಗೆ ಹಾಕಿ, ಮುಂದಿನ ಎಲುಬು ತಾಗಿದಲ್ಲಿ ಬೆರಳಿಗೆ ಗುರುತು ಹಿಡಿದು, ಹೊರಗೆ ತಂದು ರಿಂಗುಗಳ ಪಕ್ಕ ಇಟ್ಟು ನೋಡಿದರು. ಒಂದನ್ನು ಆರಿಸಿ, ಮಡಚಿ, ಒಳಗೆ ಕೂಡಿಸಿದರು. ಎದ್ದು ಓಡಾಡಿ, ಕೂತು, ಕೆಮ್ಮಿ ತೋರಿಸಿ ಎಂದರು. ಅವ್ವ ಗೋಡೆಯ ಬದಿಗೆ ನಾಲ್ಕು ಹೆಜ್ಜೆ ನಡೆದಳು. ಕುರ್ಚಿಯ ತುದಿಯಲ್ಲಿ ಕೂತಳು. ಸೆರಗನ್ನು ಬಾಯಿಗೆ ಹಿಡಿದು ಕೆಮ್ಮಿದಳು.

"ಇದೇನ ಬೇ, ಬೆಕ್ಕು ಸೀನಿದಂಗ!" ಎಂದಳು ಭಾಗ್ಯಜ್ಯೋತಿ.

ಅವ್ವ ಇನ್ನೊಂದು ಸಲ ಕೆಮ್ಮಿದಳು. ಅದೂ ಬೆಕ್ಕಿನದೇ. ರಿಂಗು ನಿಂತಿತು. "ಜಾರಿದ್ರ ಹೆದರಬ್ಯಾಡ್ರಿ, ಬರ್ರಿ," ಎಂದರು ಡಾಕ್ಟರ್. "ಒಮ್ಮೆಲೆ ಅಳತಿ ಸಿಗೋದು ಕಡಿಮಿ."

ಅವತ್ತು ಬಸ್ಸಿನಲ್ಲಿ ಅವ್ವ ಕಿಟಕಿಯ ಬದಿಗೆ ಕೂತು ದಾರಿಯುದ್ದಕ್ಕೂ ಮಾತಾಡಿದಳು. ಯಾವ ಬಟ್ಟೆ ಕೂಸಿಗೆ ಮೆತ್ತಗಿರುತ್ತದೆ, ಅಕ್ಕನಿಗೆ ಯಾವ ಉಂಡಿ ಕಟ್ಟಬೇಕು, ಬಚ್ಚಲಿನ ಒಲೆಯನ್ನು ಯಾವಾಗ ಸಾರಿಸಬೇಕು. ಇಷ್ಟು ಮಾತು ಅವಳಲ್ಲಿ ಇತ್ತು ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಮುಂದಿನ ವಾರ ಮಾನ್ವಿಯಲ್ಲಿ ಅಕ್ಕನಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸುವ ದಿನ. ಬಳೆ ತೊಡಿಸಲು ಬಂದವಳು ಹೀರಾಬಿ. ಅವಳು ಅಂಗಳದಲ್ಲಿ ಬುಟ್ಟಿ ಬಿಚ್ಚಿ, ಅಕ್ಕನ ಕೈಯನ್ನು ಹಿಟ್ಟಿನಂತೆ ನಾದತೊಡಗಿದಳು.

"ಅರೆ ಬೇಟಿ, ಕೈ ಬಾತದ. ಒಂದು ಅಳತಿ ದೊಡ್ಡದು ಹಾಕ್ಲಾ?"

"ಬ್ಯಾಡ," ಎಂದಳು ಅವ್ವ ನನ್ನ ಪಕ್ಕದಿಂದ. "ಬಿಗೀದ ಇರಲಿ ಹೀರಾಬಿ. ಸಡ್ಲ ಬಳಿ ಅಲ್ಲಿ ಇಲ್ಲಿ ಬಡದು ಒಡೀತಾವ. ತೊಡುವಾಗ ಸ್ವಲ್ಪ ಚುರುಕ್ ಅಂದ್ರೇನಾತು?"

"ಯವ್ವಾ, ಎಲುಬು ಮುರೀತಾವ!" ಎಂದು ಅಕ್ಕ ಕೂಗಿದಳು.

"ಬಾಯಿ ಮುಚ್ಚ. ಕುಬಸದಾಗ ನೋವು ಅನಬಾರದು."

ನಮ್ಮಲ್ಲಿ ಹಾಗೆಯೇ. ಬಳೆ ತೊಡುವಾಗ ಹಲ್ಲು ಕಚ್ಚಿ ನಗುತ್ತಿರಬೇಕು. ಗೆಣ್ಣು ದಾಟಿ ಬಂದ ಬಳೆಯೇ ಒಳ್ಳೆಯ ಬಳೆ. ಅಕ್ಕನದು ಮುಗಿದ ಮೇಲೆ ಹೀರಾಬಿ ನನ್ನ ಕೈಯನ್ನೂ ಹಿಡಿದಳು. ನಾನೂ ಹಲ್ಲು ಕಚ್ಚಿದೆ.

ಅಷ್ಟರಲ್ಲಿ ಅವ್ವ ಹಿತ್ತಲಿನ ಕಡೆ ಹೋಗಿದ್ದಳು. ತಿರುಗಿ ಬಂದಾಗ ಅವಳ ಬಲಗೈ ಸೆರಗಿನೊಳಗೆ ಮುಷ್ಟಿಯಾಗಿತ್ತು. ಎಲ್ಲರ ಜೊತೆ ನಗುತ್ತಿದ್ದಳು, ಆದರೆ ಮುಷ್ಟಿ ಬಿಚ್ಚಲಿಲ್ಲ. ಬೀಗತಿ ತಟ್ಟೆ ಕೊಟ್ಟಾಗ ಎಡಗೈಯಲ್ಲಿ ತೆಗೆದುಕೊಂಡಳು. ಅವ್ವ ಎಂದೂ ಎಡಗೈ ಚಾಚಿದವಳಲ್ಲ. ನನಗೆ ತಿಳಿಯಿತು. ನನ್ನ ಕರವಸ್ತ್ರವನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಅದರಲ್ಲಿ ರಿಂಗನ್ನು ಸುತ್ತಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಕರವಸ್ತ್ರವನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು.

"ಕುಕ್ಕರಗಾಲಿಲೆ ಕುಂತೆ. ಪಟ್ಟನ ಬಿತ್ತು," ಎಂದಳು ಕೊನೆಗೆ. "ನನ್ನ ಮೈಯಾಗ ಏನೂ ನಿಂದ್ರವಲ್ದು."

"ಅಳತಿ ಬದಲ್ ಮಾಡ್ತಾರಂತಲ್ಲವ್ವಾ."

"ಈ ಸಲ ಬಿಗೀದು ಹಾಕ್ರಿ ಅಂತೀನಿ. ಸುಮಿಗೆ ಏನೂ ಹೇಳಬ್ಯಾಡ."

ಎರಡನೆಯ ಸಲ ಹೋದಾಗ ಡಾಕ್ಟರ್ ವೇದಶ್ರೀ ಬಿದ್ದ ರಿಂಗನ್ನು ನೋಡಿ ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಅಳತೆ ನೋಡೋಣ ಎಂದರು.

"ಅದೂ ಬಿದ್ರರೀ?" ಎಂದಳು ಅವ್ವ.

"ಇನ್ನೊಂದು ಅಳತಿ ಅದ. ಬ್ಯಾರೆ ನಮೂನಿ ರಿಂಗೂ ಅದಾವ. ಕೆಲವರಿಗೆ ಯಾವುದೂ ನಿಂದ್ರಂಗಿಲ್ಲ. ಅವರಿಗೆ ಆಪರೇಷನ್ನ ಛಲೋ."

ಆ ಕೊನೆಯ ಮಾತು ಅವ್ವನ ಮುಖದ ಮೇಲೆ ಬಿದ್ದದ್ದನ್ನು ನಾನು ನೋಡಿದೆ.

ಡಾಕ್ಟರ್ ಒಂದು ಅಳತೆ ದೊಡ್ಡದನ್ನು ಕೂಡಿಸಿ, "ಹೆಂಗ ಅನಸ್ತದ?" ಎಂದು ಕೇಳಿದರು.

ಅವ್ವ ಕಣ್ಣು ಮುಚ್ಚಿ, "ಸಡ್ಲ ಅದರೀ," ಎಂದಳು.

"ಸಡ್ಲ? ನನ್ನ ಬೆರಳಿಗೆ ಸರಿ ಅನಸಾಕತ್ತದಲ್ಲ."

"ಇಲ್ರೀ, ಸಡ್ಲನ ಅದ. ದೊಡ್ಡದು ಹಾಕ್ರಿ."

ಡಾಕ್ಟರ್ ಅದನ್ನು ತೆಗೆದು ಇನ್ನೂ ದೊಡ್ಡದನ್ನು ಕೂಡಿಸಿದರು. ಅವ್ವನ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡವು. ಹೊಲದಲ್ಲಿ ಮುಳ್ಳು ನೆಟ್ಟಾಗಲೂ ಅವ್ವ ಅಯ್ಯೋ ಎನ್ನುವುದಿಲ್ಲ. ಕಾಲ್ಬೆರಳು ಮಡಚುತ್ತಾಳೆ.

"ಹಾಂ, ಇದು ಬಿಗಿ ಅದ. ಬೇಷ್ ಅದ. ಇದ ಇರಲಿ."

"ನನಗ್ಯಾಕೋ ಹೆಚ್ಚು ಬಿಗಿ ಅನಸ್ತದ," ಎಂದರು ಡಾಕ್ಟರ್. "ಸ್ವಲ್ಪ ಓಡಾಡ್ರಿ. ನೀರು ಕುಡದು, ಒಂದಕ್ಕ ಹೋಗಿ ಬರ್ರಿ. ಸರಾಗ ಆದ್ರನ ಮನಿಗೆ ಕಳಸ್ತೀನಿ. ಬಿಗಿ ರಿಂಗ್ ಇದ್ರ ಒಂದಕ್ಕ ಕಟ್ಟತದ, ಒಳಗ ಹುಣ್ಣೂ ಆಗ್ತದ."

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ನಾನು ತುಂಬಿ ಕೊಟ್ಟ ನೀರನ್ನೆಲ್ಲ ಅವ್ವ ಕುಡಿದಳು. ಬಹಳ ಹೊತ್ತಾದ ಮೇಲೆ ಎದ್ದು ಸಂಡಾಸಿಗೆ ಹೋದಳು. ನಾನು ಬಾಗಿಲ ಹೊರಗೆ ಅವಳ ಚೀಲ ಹಿಡಿದು ನಿಂತೆ. ಒಳಗೆ ಏನೂ ಸದ್ದಿರಲಿಲ್ಲ. ಒಮ್ಮೆ ಅವಳು ಉಸಿರು ಬಿಗಿಹಿಡಿದದ್ದು ಕೇಳಿತು. ಆಮೇಲೆ ಮಗ್ಗಿನಿಂದ ನೀರು ಸುರಿದ ಸದ್ದು, ಇನ್ನೊಂದು ಮಗ್ಗು. ಅಷ್ಟೇ.

ಹೊರಗೆ ಬಂದವಳು ಸೆರಗಿನಿಂದ ಹಣೆ ಒರೆಸಿಕೊಂಡು, "ಆತು, ನಡಿ" ಎಂದಳು.

ಒಳಗೆ ಡಾಕ್ಟರ್ ಕೇಳಿದರು. "ಸರಾಗ ಆತಾ?"

"ಆತ್ರೀ. ಏನೂ ತ್ರಾಸಿಲ್ಲ. ಬರ್ತೀವ್ರಿ."

ನಾನು ಅವ್ವನನ್ನು ನೋಡಿದೆ. ಅವಳು ನನ್ನ ಮುಂಗೈ ಹಿಡಿದು ಬಾಗಿಲ ಕಡೆ ಎಳೆದಳು. ಹೀರಾಬಿ ತೊಡಿಸಿದ ಬಳೆಗಳು ಚರ್ಮಕ್ಕೆ ಒತ್ತಿದವು. ನಾನು ಬಾಯಿ ಬಿಟ್ಟರೆ ಅವ್ವ ಹಾಸಿಗೆಗೆ, ಕೂಸು ಮಾನ್ವಿಗೆ. ಸುಮ್ಮನಿದ್ದರೆ ಬಸ್ಸಿನಲ್ಲಿ, ಮನೆಯಲ್ಲಿ, ನಾಳೆ ಅವ್ವನಿಗೆ ಏನಾಗುತ್ತದೋ. ಯಾರಾದರೂ ನನ್ನ ಬದಲು ಹೇಳಿಯಾರು ಎಂದು ಕಾದೆ. ಸಂಡಾಸಿನ ಬಾಗಿಲಲ್ಲಿ ನಿಂತವಳು ನಾನೊಬ್ಬಳೇ.

"ಡಾಕ್ಟರ್," ಎಂದೆ. ದನಿ ಬರಲಿಲ್ಲ. ಇನ್ನೊಮ್ಮೆ ಎಂದೆ. "ಡಾಕ್ಟರ್, ಅವ್ವ ಒಂದಕ್ಕ ಹೋಗಿಲ್ರೀ. ಬರೇ ನೀರು ಸುರದಾಳ."

"ಸುಳ್ಳ!" ಅವ್ವ ನನ್ನ ಕೈ ಬಿಟ್ಟಳು. "ಇಕಿಗೇನ್ ಗೊತ್ತು? ಬಾಯಿ ಇಲ್ಲದಾಕಿಗೆ ಇವತ್ತ ಬಾಯಿ ಬಂತು ನೋಡ್ರಿ!"

"ಖರೇನ ಹೇಳಾಕತ್ತೀನ್ರಿ. ನೋವಾದ್ರ ಅಕಿ ಕಾಲ್ಬೆರಳು ಮಡಚ್ತಾಳ. ಈಗೂ ಮಡಚ್ಯಾಳ, ನೋಡ್ರಿ." ನಿಲ್ಲಿಸಲು ಆಗಲಿಲ್ಲ. "ಮೊದಲನೇ ಸಲ ಕೆಮ್ಮಿದ್ದೂ ಖರೇ ಕೆಮ್ಮಲ್ರೀ. ಬೀಗರ ಮುಂದ ಕೆಮ್ಮಿದಂಗ ಕೆಮ್ಯಾಳ. ಕುರ್ಚಿ ಮ್ಯಾಲ ಕುಂತಾಳ, ಮನ್ಯಾಗ ಅಕಿ ಕುರ್ಚಿ ಮ್ಯಾಲ ಕೂಡೂದ ಇಲ್ಲ."

ಎಲ್ಲರೂ ಅವ್ವನ ಪಾದ ನೋಡಿದರು. ಅವ್ವ ಸೀರೆಯ ನಿರಿಗೆಯನ್ನು ಪಾದದ ಮೇಲೆ ಎಳೆದುಕೊಂಡಳು. ಆಮೇಲೆ ಅಲ್ಲೇ ಗೋಡೆಗೆ ಒರಗಿ ಅತ್ತಳು.

ಡಾಕ್ಟರ್ ಎದ್ದು ಬಂದು ಅವಳ ಕೈ ಹಿಡಿದುಕೊಂಡರು. "ಯಾಕ್ರೀ ಶೇಖಮ್ಮ?"

"ಬಿಗಿ ಇದ್ರ ನಿಂದ್ರತದಂತ ಅನಕೊಂಡೆ ತಾಯೀ. ಬಳಿ ಹಂಗ. ಇದೂ ನಿಲ್ಲದಿದ್ರ ಆಪರೇಷನ್ ಅಂತೀರಿ. ನನ್ನ ಮಗಳು ಹಡಿಯಾಕಿ ಇದ್ದಾಳ. ಕೂಸಿಗೆ ಎರಿಯಾಕ ನನಗ ಕಾಲು ಬೇಕು."

"ಕೈಯಾಗಿನ ಬಳಿ ಎಲುಬಿನ ಮ್ಯಾಲ ಕೂಡ್ತದ, ಬಿಗಿ ನಡೀತದ," ಎಂದರು ಡಾಕ್ಟರ್. "ಇದು ಮೆತ್ತನ್ನ ಜಾಗದಾಗ ಕೂಡೂದು. ಸುತ್ತ ಒಂದು ಬೆರಳು ಆಡುವಷ್ಟು ಜಾಗ ಇರಬೇಕು. ಬೀಳಲೂ ಬಾರದು, ಒತ್ತಲೂ ಬಾರದು. ಸರಿ ಅಳತೀದು ಅಂದ್ರ ಅದು ಒಳಗ ಅದ ಅನ್ನೋದ ನಿಮಗ ಮರೀಬೇಕು."

"ಮರೀಬೇಕಾ?" ಎಂದಳು ಅವ್ವ, ಮೂಗು ಒರೆಸಿಕೊಂಡು.

"ಹೌದು. ನೆನಪಾತು ಅಂದ್ರ ಅಳತಿ ತಪ್ಪದ ಅಂತ."

ಬಿಗಿಯಾದದ್ದನ್ನು ತೆಗೆದ ಕೂಡಲೇ ಅವ್ವ ಸಂಡಾಸಿಗೆ ಓಡಿದಳು. ಬಂದಾಗ ನನ್ನ ಕಡೆ ನೋಡಲಿಲ್ಲ, ಆದರೆ ಅವಳ ಹೆಗಲು ಕೆಳಗಿಳಿದಿತ್ತು. ಡಾಕ್ಟರ್ ಮೊದಲು ಅವಳು ಸಡಿಲ ಎಂದಿದ್ದ ನಡುವಿನ ಅಳತೆಯನ್ನೇ ಮತ್ತೆ ಕೂಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮನ್ಯಾಗ ಇವರು ಹೆಂಗ ಕೂಡ್ತಾರ, ನೀನ ಹೇಳವ್ವಾ."

ನನಗೆ ಮುಖ ಬಿಸಿಯಾಯಿತು. "ಕೂಸಿಗೆ ಎರಿಯಾಕ ಕುಂತಂಗ ಕೂಡಸ್ರಿ," ಎಂದೆ.

ಭಾಗ್ಯಜ್ಯೋತಿ ತಡಮಾಡಲಿಲ್ಲ. ನೆಲದ ಮೇಲೆ ಹಾಸು ಹಾಕಿದಳು. ದೊಡ್ಡ ಟವೆಲ್ಲೊಂದನ್ನು ಸುರುಳಿ ಸುತ್ತಿ, ಒಂದು ತುದಿಗೆ ಗಂಟು ಹಾಕಿ ತಲೆ ಮಾಡಿ, ಅವ್ವನ ಕೈಗೆ ಕೊಟ್ಟಳು. "ತಗೋ ಬೇ, ನಿನ್ನ ಮಮ್ಮಗ. ಎರಿ."

ಅವ್ವ ನಾಚಿ ಸುತ್ತ ನೋಡಿದಳು. ಟವೆಲ್ಲನ್ನು ಒಂದು ಸಲ ತಿರುಗಿಸಿ ನೋಡಿ, "ಕುತ್ತಿಗಿನ ಇಲ್ಲಲ್ಲ ಇದಕ್ಕ," ಎಂದು ಗಂಟನ್ನು ಸರಿಮಾಡಿದಳು. ಕೂತಳು. ಕಾಲು ಚಾಚಿದಳು. ಟವೆಲ್ಲನ್ನು ಕಾಲ ಮೇಲೆ ಬೋರಲು ಹಾಕಿ, ಬೆನ್ನು ತಿಕ್ಕಿದಳು, ಮಗುಚಿದಳು, ಎದೆ ತಿಕ್ಕಿದಳು, ಇಲ್ಲದ ಮೂಗನ್ನು ಬೆರಳಿನಿಂದ ನೀವಿ ಎತ್ತರ ಮಾಡಿದಳು. ನಾನು ಅಭ್ಯಾಸದಿಂದ ಪಕ್ಕದಲ್ಲಿ ಬರಿಗೈಯನ್ನು ಚೊಂಬಿನಂತೆ ಹಿಡಿದು ನಿಂತಿದ್ದೆ.

"ಸಾವಕಾಶ ಹಾಕ ಮೌನೀ, ಕಿವಿಯಾಗ ಹೋಗ್ತದ!" ಎಂದು ಅವ್ವ ನನ್ನನ್ನು ಗದರಿದಳು. "ಏ ಸುಮ್ಮನಿರೋ, ಆತು, ಆತು. ನಿಮ್ಮಪ್ಪ ಅಂಬರೀಶನೂ ಇಷ್ಟು ಅಳಂಗಿಲ್ಲ."

ಭಾಗ್ಯಜ್ಯೋತಿ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಅವ್ವ ಟವೆಲ್ಲನ್ನು ಎದೆಗೆ ಒತ್ತಿಕೊಂಡು, ಒಂದು ಕೈ ನೆಲಕ್ಕೆ ಊರಿ, ಕುಕ್ಕರಗಾಲಿನಲ್ಲಿ ಕೂತು ಎದ್ದು ನಿಂತಳು.

"ಈಗ ಕೆಮ್ಮು ಬೇ. ಬೆಕ್ಕಿಂದಲ್ಲ, ಎಮ್ಮಿದು," ಎಂದಳು ಭಾಗ್ಯಜ್ಯೋತಿ.

ಅವ್ವ ಕೆಮ್ಮಿದಳು. ಹೊರಗಿನ ಬೆಂಚಿನಲ್ಲಿದ್ದವರು ಒಳಗೆ ಇಣುಕುವಂತೆ ಕೆಮ್ಮಿದಳು.

"ರಿಂಗ್ ಹೆಂಗದ?" ಎಂದರು ಡಾಕ್ಟರ್.

"ಯಾ ರಿಂಗ್ರೀ?" ಎಂದಳು ಅವ್ವ. ಮರುಕ್ಷಣ ನೆನಪಾಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು.

ನೀರು ಕುಡಿದು ಅವಳು ಇನ್ನೊಮ್ಮೆ ಸಂಡಾಸಿಗೆ ಹೋದಾಗ ನಾನು ಬಾಗಿಲಲ್ಲಿ ನಿಲ್ಲಬೇಕಾಗಲಿಲ್ಲ. ಡಾಕ್ಟರ್ ಎಲ್ಲವನ್ನೂ ನನಗೆ ಹೇಳಿ ಕಳಿಸಿದರು. ಆಗಾಗ ಬಂದು ರಿಂಗು ತೆಗೆಸಿ, ತೊಳೆಸಿ, ಹಾಕಿಸಿಕೊಳ್ಳಬೇಕು. ರಕ್ತ ಕಂಡರೆ, ನೋವಾದರೆ, ಒಂದಕ್ಕೆ ಕಟ್ಟಿದರೆ ಆ ದಿನವೇ ಬರಬೇಕು. ಕೂಸಿಗೆ ಎರೆಯಬಹುದು, ಆದರೆ ನೀರಿನ ಕೊಡ ಎತ್ತಬಾರದು.

ಬಸ್ಸು ರಾಯಚೂರು ದಾಟುವವರೆಗೂ ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಳೆ ಒತ್ತಿದಲ್ಲಿ ಚರ್ಮ ಕೆಂಪಾಗಿತ್ತು. ಅದನ್ನು ಹೆಬ್ಬೆರಳಿನಿಂದ ನೀವಿದಳು.

"ಹೀರಾಬಿ ಇವನ್ನ ಭಾಳ ಬಿಗಿ ಹಾಕ್ಯಾಳ," ಎಂದಳು. "ಸೋಪು ಹಚ್ಚಿ ತಗಿತೀನಿ ತಡಿ, ಮನಿಗೆ ಹೋದ ಮ್ಯಾಲ."

ಅಕ್ಕ ಹೆಣ್ಣು ಹಡೆದಳು. ಮನೆಗೆ ಬಂದು, ಹೊಕ್ಕುಳು ಬಿದ್ದು ಒಣಗಿದ ಮೇಲೆ ಮೊದಲ ಎರಕ. ಬಚ್ಚಲಿನ ಒಲೆಗೆ ಹತ್ತಿಕಟ್ಟಿಗೆ ಹಾಕಿ, ಹಂಡೆಗೆ ಕೊಡಗಟ್ಟಲೆ ನೀರು ಹೊತ್ತು ತುಂಬಿದವಳು ನಾನು. ಅವ್ವ ಕೊಡಕ್ಕೆ ಕೈ ಹಾಕಿದರೆ ನಾನು ಬರೀ ನೋಡುತ್ತಿದ್ದೆ, ಅವಳು ಕೈ ತೆಗೆಯುತ್ತಿದ್ದಳು. "ಇಕಿ ಕಣ್ಣಿಗೆ ನಾ ಹೆದರ್ತೀನಿ ಸುಮೀ," ಎಂದು ಅಕ್ಕನಿಗೆ ಹೇಳಿದಳು. ಅಕ್ಕನಿಗೆ ಆಗ ಎಲ್ಲವೂ ಗೊತ್ತಿತ್ತು. ಬಸುರಿಯನ್ನು ಕರೆತಂದ ದಿನವೇ ಅವ್ವ ತಾನೇ ಹೇಳಿದ್ದಳು.

ಅವ್ವ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಕೂಸು ಒಮ್ಮೆ ಕಿರುಚಿ, ಅವಳ ಕಾಲ ಮೇಲೆ ಬಿದ್ದ ಕೂಡಲೇ ಸುಮ್ಮನಾಗಿ, ಕಣ್ಣು ಅರ್ಧ ಮುಚ್ಚಿತು. ನಾನು ಸಾವಕಾಶ ನೀರು ಹಾಕಿದೆ.

ಅಕ್ಕ ಬಾಗಿಲಲ್ಲಿ ನಿಂತು, ಕೂಸಿಗೆ ದೃಷ್ಟಿಯಾಗದಿರಲಿ ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಎಸೆದಳು. ನಮ್ಮ ಸೀಮೆಯ ಕಾಯಿ. ಬಚ್ಚಲು ತುಂಬ ಘಾಟು ಎದ್ದಿತು. ಕೂಸಿನ ಮುಖಕ್ಕೆ ಅವ್ವ ತಕ್ಷಣ ಸೆರಗು ಮುಚ್ಚಿದಳು. ಅಕ್ಕ ಸೀನುತ್ತ ಹೊರಗೆ ಓಡಿದಳು. ನಾನು ಸೀನಿದೆ, ಚೊಂಬಿನ ನೀರು ಚೆಲ್ಲಿತು. ಅವ್ವನ ಮೂಗು ಅರಳಿತು. ನಾನು ಅವಳ ಬಲಗೈಯನ್ನೇ ನೋಡುತ್ತಿದ್ದೆ.

ಅವ್ವ ಸೀನಿದಳು, ಗೋಡೆ ನಡುಗುವಂತೆ, ಒಂದರ ಮೇಲೊಂದು. ಅವಳ ಎರಡೂ ಕೈಗಳು ಕೂಸಿನ ಮೇಲೆಯೇ ಇದ್ದವು.